ಬಸುರಿ ಗದ್ದೆಯ ಮುಂದೆ ಪಾಲಿನ ಮಾತು

ಕಳೆದ ಭೂಮಿ ಹುಣ್ಣಿಮೆಯ ಬೆಳಿಗ್ಗೆ, ಸೊರಬ ತಾಲ್ಲೂಕಿನ ಉಳವಿಯ ಹತ್ತಿರ ಇರುವ ನಮ್ಮ ಕೆರೆಗದ್ದೆಯ ಬದುವಿನ ಮೇಲೆ, ನನ್ನ ತಾಯಿ ತನ್ನ ಆಸ್ತಿಯನ್ನು ಮೂವರು ಮಕ್ಕಳಿಗೆ ಹಂಚಿದಳು. ಆಗಷ್ಟೇ ಬಿಸಿಲು ಬಿದ್ದಿತ್ತು. ಯಾರಿಗೂ ಪೆಟ್ಟಾಗಿಲ್ಲ.

ಕೊನೆಯ ವಾಕ್ಯ ಅಭ್ಯಾಸಬಲದಿಂದ ಬಂತು. ಶಿಕಾರಿಪುರದಲ್ಲಿ ಕೂತು ಒಂದು ದಿನಪತ್ರಿಕೆಗೆ ಎರಡು ತಾಲ್ಲೂಕುಗಳ ಸುದ್ದಿ ಕಳಿಸುತ್ತ ತಲೆ ಬೆಳ್ಳಗಾದವನು ನಾನು. ಆಸ್ತಿ, ಅಣ್ಣತಮ್ಮ, ಬದು ಈ ಮೂರು ಪದಗಳು ಒಂದೇ ವಾಕ್ಯದಲ್ಲಿ ಬಂದವೆಂದರೆ ಮುಂದಿನ ವಾಕ್ಯದಲ್ಲಿ ಆಸ್ಪತ್ರೆ ಬರಬೇಕು ಎಂದು ನನ್ನ ಕೈಗೆ ರೂಢಿಯಾಗಿಬಿಟ್ಟಿದೆ. ಆ ದಿನ ಆಸ್ಪತ್ರೆ ಬರಲಿಲ್ಲ. ಕಡುಬು ಬಂತು. ಅದಕ್ಕೇ ಅದು ಪತ್ರಿಕೆಯಲ್ಲಿ ಸುದ್ದಿಯಾಗಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಆಸ್ತಿಯ ಮಾತಿಗೆ ನಮ್ಮ ಕಡೆ ಒಂದು ವಿಚಿತ್ರವಾದ ಕಷ್ಟ ಇದೆ. ಆ ಮಾತಾಡಬೇಕಾದರೆ ಎಲ್ಲರೂ ಒಟ್ಟಿಗೆ ಇರಬೇಕು. ಎಲ್ಲರೂ ಒಟ್ಟಿಗೆ ಇರುವುದು ಹಬ್ಬದ ದಿನ. ಹಬ್ಬದ ದಿನ ಆ ಮಾತಾಡಬಾರದು. ಬೇರೆ ದಿನ ಆಡೋಣವೆಂದರೆ ಯಾರೂ ಇರುವುದಿಲ್ಲ. ಎಷ್ಟೋ ಮನೆಗಳ ಹಿರಿಯರು ಹೀಗೆ ಒಂದು ಹಬ್ಬದಿಂದ ಇನ್ನೊಂದು ಹಬ್ಬಕ್ಕೆ ಮಾತನ್ನು ದಾಟಿಸುತ್ತ ದಾಟಿಸುತ್ತ ಕೊನೆಗೆ ತಾವೇ ದಾಟಿಹೋಗುತ್ತಾರೆ. ಆಮೇಲೆ ಮಕ್ಕಳು ತಪ್ಪದೆ ಸೇರುತ್ತಾರೆ, ನ್ಯಾಯಾಲಯದ ಅಂಗಳದಲ್ಲಿ. ಅಲ್ಲಿ ವಾಯಿದೆ ಇರುತ್ತದೆ, ಹೋಳಿಗೆ ಇರುವುದಿಲ್ಲ.

ಮೊದಲು ಮನೆಯವರ ಪರಿಚಯ ಆಗಲಿ. ನಾವು ಮೂವರು. ದೊಡ್ಡವಳು ಸುಶೀಲಕ್ಕ, ಕುಪ್ಪಗಡ್ಡೆಗೆ ಕೊಟ್ಟವಳು. ನಮ್ಮ ಭಾವನಿಗೆ ಅಲ್ಲಿ ಹಿಟ್ಟಿನ ಗಿರಣಿ ಇದೆ. ಊರಿನವರೆಲ್ಲ ಹಬ್ಬಕ್ಕೆ ಹಿಟ್ಟು ಬೀಸಿಸುವ ಕಾರಣ ಭಾವ ಸ್ವತಃ ಯಾವ ಹಬ್ಬಕ್ಕೂ ಹೊರಗೆ ಬರುವುದಿಲ್ಲ. ನಡುವಿನವನು ನಾನು. ಕಿರಿಯವನು ರುದ್ರೇಶ. ಸೊರಬದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡು, ಊರಿನ ಮನೆಯಲ್ಲಿ ಅವ್ವನ ಜೊತೆ ಸಂಸಾರ ಮಾಡಿಕೊಂಡಿದ್ದಾನೆ. ಇನ್ನು ಆಸ್ತಿ. ಊರಿನ ಮನೆ, ಮನೆಯ ಹಿಂದಿನ ಹೊಲ, ಕೆರೆಯ ಕೆಳಗಿನ ಗದ್ದೆ. ಅಪ್ಪ ಕಣ್ಣುಮುಚ್ಚುವ ಮೊದಲೇ ಮೂರನ್ನೂ ಅವ್ವನ ಹೆಸರಿಗೆ ಮಾಡಿಸಿದ್ದ. "ನಿಮ್ಮಪ್ಪ ನನಗೆ ಸೀರೆ ತಂದಿದ್ದು ಕಡಿಮೆ, ಜಮೀನು ಬರೆದಿದ್ದು ಜಾಸ್ತಿ" ಎಂದು ಅವ್ವ ಈಗಲೂ ಅಪ್ಪನನ್ನು ಬಯ್ಯುವ ಹಾಗೆ ಹೊಗಳುತ್ತಾಳೆ.

ಮನೆ, ಹೊಲಗಳ ಬಗ್ಗೆ ಯಾರಿಗೂ ತಕರಾರು ಇರಲಿಲ್ಲ. ವಿಷಯವಿದ್ದದ್ದು ಕೆರೆಗದ್ದೆಯದು. ಅಪ್ಪ ಹೋದ ಮೇಲೆ ಆ ಗದ್ದೆಯನ್ನು ಮಾಡಿಕೊಂಡು ಬಂದವಳು ಅಕ್ಕ. ಮಾಡು ಎಂದು ಅವಳಿಗೆ ಯಾರೂ ಹೇಳಲಿಲ್ಲ, ಅವಳೂ ಯಾರನ್ನೂ ಕೇಳಲಿಲ್ಲ. ಆ ವರ್ಷ ನಾಟಿಯ ಹೊತ್ತಿಗೆ ರುದ್ರೇಶನಿಗೆ ಅಂಗಡಿಯಲ್ಲಿ ಗೊಬ್ಬರದ ಗಡಿಬಿಡಿ, ನನಗೆ ಚುನಾವಣೆಯ ಗಡಿಬಿಡಿ. ಅಕ್ಕ ಬೆಳಗಿನ ಬಸ್ಸಿಗೆ ಬಂದು, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಆಳುಗಳ ಜೊತೆ ಕೆಸರಿಗೆ ಇಳಿದಳು. ಅಂದಿನಿಂದ ನಾಟಿ, ಕಳೆ, ಕೊಯ್ಲು, ಒಕ್ಕಲು ಎಲ್ಲಕ್ಕೂ ಅವಳೇ. ಪಹಣಿಯಲ್ಲಿ ಮಾತ್ರ ಅವಳ ಹೆಸರು ಎಲ್ಲೂ ಇರಲಿಲ್ಲ.

ರುದ್ರೇಶನ ಲೆಕ್ಕ ಬೇರೆ. ಸುತ್ತಲಿನ ಗದ್ದೆಗಳೆಲ್ಲ ಒಂದೊಂದಾಗಿ ಅಡಿಕೆಗೆ ತಿರುಗುತ್ತಿವೆ. ಭತ್ತದಿಂದ ಮೈಕೈ ನೋವಲ್ಲದೆ ಬೇರೇನೂ ಹುಟ್ಟುವುದಿಲ್ಲ ಎಂಬುದು ಅವನ ವಾದ. ಅದು ಸುಳ್ಳಲ್ಲ. ಮನೆಯ ಹಿಂದೆ ಅಡಿಕೆ ಸಸಿಗಳನ್ನು ಚೀಲದಲ್ಲಿ ಬೆಳೆಸಿ ಸಾಲಾಗಿ ಜೋಡಿಸಿಯೂ ಇಟ್ಟಿದ್ದ. ಅವು ಗದ್ದೆಯ ಕಡೆಗೇ ಮುಖ ಮಾಡಿಕೊಂಡು ನಿಂತಂತೆ ಕಾಣುತ್ತಿದ್ದವು. ಅಕ್ಕ ಬಂದಾಗಲೆಲ್ಲ ಅವುಗಳನ್ನು ಒಮ್ಮೆ ನೋಡುತ್ತಿದ್ದಳು. ನನ್ನ ಹೆಂಡತಿ ಶೈಲಾಳ ಹತ್ತಿರ ಮಾತ್ರ ಒಮ್ಮೆ ಅಂದಿದ್ದಳಂತೆ: "ಗದ್ದೆ ಹೋದ್ರೆ ನಾ ತವರಿಗೆ ಎಂತಕ್ಕೆ ಬರ್ಲಿ ಮಾರಾಯ್ತಿ? ಅರಿಶಿನ ಕುಂಕುಮ ಇಸ್ಕೊಂಡು, ಕಾಫಿ ಕುಡ್ಕೊಂಡು, ಸಂಜೆ ಬಸ್ಸಿಗೆ ಹೋಗಕ್ಕಾ? ನೆಂಟ್ರು ಬರ್ತಾರಲ್ಲ, ಹಂಗೆ?"

ಶೈಲಾ ಇದನ್ನು ನನಗೆ ಹೇಳಿದ ದಿನದಿಂದ ನಾನು ಹಬ್ಬಗಳ ಬೆನ್ನು ಹತ್ತಿದೆ. ಅವ್ವ ಒಂದು ಮಾತು ಸ್ಪಷ್ಟ ಮಾಡಿಬಿಡಲಿ ಎಂಬುದು ನನ್ನ ಉದ್ದೇಶ. ರುದ್ರೇಶನಿಗೂ ಅದೇ ಬೇಕಿತ್ತು, ಅವನ ಕಾರಣ ಅವನಿಗೆ.

ಮೊದಲು ಯುಗಾದಿ. ಬೇವು-ಬೆಲ್ಲ ಕೈಯಲ್ಲಿರುವಾಗಲೇ ನಾನು ಪೀಠಿಕೆ ಹಾಕಿದೆ. ಅವ್ವ ಬಾಯಿಗೆ ಬೆಲ್ಲ ಹಾಕಿಕೊಂಡು, "ವರ್ಷದ ಮೊದಲ್ನೇ ದಿನವೇ ನಾನು ಸಾಯೋ ಮಾತೇನೋ? ಬೇವು ಸಾಲಲ್ವಾ ನಿಂಗೆ?" ಎಂದಳು. ನಾಗರಪಂಚಮಿಗೆ ಅಕ್ಕನೂ ಬಂದಿದ್ದಳು. ಉಂಡೆ ತಿಂದು ಜೋಕಾಲಿ ಆಡಿ ಎಲ್ಲರೂ ಖುಷಿಯಲ್ಲಿದ್ದರು. ರುದ್ರೇಶ ಮೊಬೈಲಿನಲ್ಲಿ ಜಮೀನಿನ ನಕ್ಷೆ ತೆಗೆದು, ಬೆರಳಿನಿಂದ ಗದ್ದೆಯ ಮೇಲೆ ಗೆರೆ ಎಳೆದು ತೋರಿಸತೊಡಗಿದ. ಅವ್ವ ಬೆಚ್ಚಿಬಿದ್ದಳು. "ಇವತ್ತು ಭೂಮಿ ಗೀರಬಾರ್ದು!" ಎಂದಳು. ಇದು ಮೊಬೈಲು ಅವ್ವ ಎಂದರೆ, "ಗದ್ದೆ ಯಾರದು? ನಂದು. ಗೀರೋದು ಯಾರು? ನೀನು. ತೆಗಿ ಬೆರಳು" ಎಂದಳು. ಆ ದಿನದ ಸಭೆ ಅಲ್ಲಿಗೆ ಬರಖಾಸ್ತಾಯಿತು.

ಚೌತಿಯ ದಿನ ಚಂದ್ರನನ್ನು ನೋಡಿದವರಿಗೆ ಕಳ್ಳತನದ ಅಪವಾದ ಬರುತ್ತದೆಂಬುದು ಎಲ್ಲರಿಗೂ ಗೊತ್ತು. ಆಸ್ತಿಯ ಮಾತು ಎತ್ತಿದವರಿಗೆ ಚಂದ್ರನನ್ನು ನೋಡದಿದ್ದರೂ ಬರುತ್ತದೆ ಎಂದು ಅವ್ವ ಅದಕ್ಕೆ ಸೇರಿಸಿದಳು. ಮಹಾನವಮಿಗೆ ನಾನು ಬಹಳ ತಯಾರಿ ಮಾಡಿಕೊಂಡು ಹೋದೆ. ಹೋಗಿ ನೋಡಿದರೆ ಕುಡಗೋಲು, ಗುದ್ದಲಿ, ಸ್ಕೂಟರು, ಮಿಕ್ಸಿ ಇವುಗಳ ಜೊತೆಗೆ ನನ್ನ ಜೇಬಿನ ಪೆನ್ನೂ ಪೂಜೆಗೆ ಹೋಯಿತು. "ಆಯುಧ ಇವತ್ತು ಮುಟ್ಟಂಗಿಲ್ಲ. ಬರೆಯೋದು ಹೆಂಗೆ?" ಎಂದು ಅವ್ವ ನನ್ನ ಪೆನ್ನಿಗೆ ಕುಂಕುಮ ಹಚ್ಚಿದಳು. ಎಷ್ಟೋ ಜನ ರಾಜಕಾರಣಿಗಳು ನನ್ನ ಪ್ರಶ್ನೆಗೆ ಉತ್ತರ ತಪ್ಪಿಸಿಕೊಂಡಿದ್ದಾರೆ. ಇಷ್ಟು ಚೆಂದವಾಗಿ, ಪ್ರತಿ ಸಲವೂ ಹೊಸ ಕಾರಣದೊಂದಿಗೆ, ಜೊತೆಗೆ ತಟ್ಟೆ ತುಂಬ ತಿಂಡಿ ಕೊಟ್ಟು ತಪ್ಪಿಸಿಕೊಂಡವರನ್ನು ನಾನು ಕಂಡಿಲ್ಲ.

ಸಾವಿನ ಮಾತನ್ನು ಮುಂಚಿತವಾಗಿ ಆಡುವುದು ಅಪಶಕುನ ಎಂಬ ನಂಬಿಕೆ ನನಗೆ ಅಂಟದಿರುವುದಕ್ಕೆ ನನ್ನ ಕಸುಬು ಕಾರಣ. ಪತ್ರಿಕಾ ಕಚೇರಿಗಳಲ್ಲಿ ದೊಡ್ಡವರು ಗಟ್ಟಿಯಾಗಿ ಓಡಾಡಿಕೊಂಡಿರುವಾಗಲೇ ಅವರ ನಿಧನವಾರ್ತೆ ಬರೆದು ಇಟ್ಟಿರುತ್ತಾರೆ. ಹುಟ್ಟು, ಬಾಲ್ಯ, ಸಾಧನೆ, ಅಗಲಿದವರ ಬಳಗ ಎಲ್ಲ ಸಿದ್ಧ. ದಿನಾಂಕವೊಂದೇ ಖಾಲಿ. ನಾನೂ ನಮ್ಮ ತಾಲ್ಲೂಕಿನ ಕೆಲವು ಹಿರಿಯರ ವಾರ್ತೆ ಬರೆದಿಟ್ಟಿದ್ದೇನೆ. ಅವರಲ್ಲೊಬ್ಬರು ಸಂತೆಯಲ್ಲಿ ಸಿಕ್ಕಾಗಲೆಲ್ಲ ನನ್ನ ಬೆನ್ನು ತಟ್ಟಿ, "ಆರೋಗ್ಯ ನೋಡ್ಕೊಳ್ರೀ, ಸೊರಗಿದೀರಿ" ಎನ್ನುತ್ತಾರೆ. ಬರೆದಿಟ್ಟದ್ದರಿಂದ ಈವರೆಗೆ ಯಾರೂ ಸತ್ತಿಲ್ಲ. ನಾನು ಗಮನಿಸಿದ ಮಟ್ಟಿಗೆ, ಬರೆದಿಟ್ಟವರ ಆಯುಸ್ಸು ಹೆಚ್ಚಿದಂತೆಯೇ ಇದೆ. ಇದನ್ನು ಅವ್ವನಿಗೆ ಹೇಳಿದೆ. ಅವಳು ನನ್ನನ್ನೇ ನೋಡಿ, "ನಂದೂ ಬರೆದಿಟ್ಟಿದೀಯೇನೋ?" ಎಂದಳು. ಆ ಮಾತು ಅಲ್ಲಿಗೇ ಬಿಟ್ಟೆ.

ತೊಡಕು ಭಾಷೆಯಲ್ಲೂ ಇದೆ ಎಂದು ನನ್ನ ಅನುಮಾನ. ಉಯಿಲಿಗೆ ನಿಘಂಟಿನವರು ಕೊಟ್ಟ ಕನ್ನಡ ಪದ ಮರಣಶಾಸನ. ಹೋಳಿಗೆ ಬಡಿಸುತ್ತಿರುವ ಹೆಂಗಸಿಗೆ, ಅವ್ವ ನಿನ್ನ ಮರಣಶಾಸನ ಯಾವಾಗ ಎಂದು ಕೇಳುವ ಮಗನಿಗೆ ಹೋಳಿಗೆ ಸಿಗುವುದು ಕಷ್ಟ. ಇನ್ನೊಂದು ಸಂಗತಿ ನೋಡಿ. ಜಮೀನನ್ನು ಒಡೆಯುವ ಮಾತುಗಳೆಲ್ಲ ಪಾರಸಿ, ಅರಬ್ಬಿಯ ಕಡೆಯಿಂದ ಕುದುರೆ ಏರಿ ಬಂದಂಥವು. ಜಮೀನು, ಹಿಸ್ಸೆ, ದಸ್ತಾವೇಜು, ವಾರಸು, ತಕರಾರು, ಕೊನೆಗೆ ರಾಜಿ ಕೂಡ. ಅದೇ ನೆಲದಲ್ಲಿ ದುಡಿಯುವ ಮಾತುಗಳು ಇಲ್ಲೇ ಹುಟ್ಟಿ ಇಲ್ಲೇ ಕೆಸರು ತುಳಿದವು. ಉಳು, ಬಿತ್ತು, ನಡು, ಕೊಯ್ಯು, ಒಕ್ಕು. ನಮ್ಮ ಅಜ್ಜಂದಿರಿಗೆ ಗೇಯಲು ತಮ್ಮ ಮಾತು ಸಾಕಾಗಿತ್ತು, ಜಗಳಕ್ಕೆ ದೂರದಿಂದ ತರಿಸಿಕೊಳ್ಳಬೇಕಾಯಿತು. ಹಂಚಿಕೆಯ ಮಾತಲ್ಲಿ ಅಚ್ಚ ನಮ್ಮದೆಂದು ಉಳಿದಿರುವುದು ಪಾಲು. ಅದನ್ನು ನಾವು ಹೆಚ್ಚಾಗಿ ಊಟದ ಎಲೆಯ ಮುಂದೆ ಬಳಸುತ್ತೇವೆ.

ಹಾಗೆಂದು ನಮ್ಮ ಹಳಬರು ಬರೆದಿಡುವುದಕ್ಕೆ ಹೆದರಿದವರಲ್ಲ. ಶಿಕಾರಿಪುರ, ಸೊರಬದ ಸುತ್ತ ಎಲ್ಲಿ ಎಡವಿದರೂ ಒಂದು ಶಾಸನದ ಕಲ್ಲು. ಓದಿಸಿ ನೋಡಿದರೆ ಅರ್ಧಕ್ಕರ್ಧ ಭೂಮಿ ಕೊಟ್ಟ ಲೆಕ್ಕ. ಇಂಥ ಕೆರೆಯ ಕೆಳಗೆ ಇಷ್ಟು ಗದ್ದೆ, ಮೂಡಲಿಗೆ ಇಂಥ ಮರ, ತೆಂಕಲಿಗೆ ಇಂಥ ಬಂಡೆ. ಮೇಲೆ ಸೂರ್ಯ-ಚಂದ್ರ, ಪಕ್ಕದಲ್ಲಿ ಹಸು-ಕರು. ಕೊನೆಯಲ್ಲಿ, ಇದನ್ನು ಅಳಿಸಿದವನು ಕಾಶಿಯಲ್ಲಿ ಗೋವು ಕೊಂದ ಪಾಪಕ್ಕೆ ಹೋಗುತ್ತಾನೆ ಎಂಬ ಎಚ್ಚರಿಕೆ. ಕೊಡುವಾಗ ಅವರಿಗೆ ಸಾವಿನ ಭಯ ಇರಲಿಲ್ಲ. ನೆಂಟರ ಭಯ ಇತ್ತು.

ಇನ್ನು ಹುಣ್ಣಿಮೆಯ ದಿನಕ್ಕೆ ಬರುತ್ತೇನೆ. ಶಿಕಾರಿಪುರದ ಕಡೆ ಇದನ್ನು ಸೀಗಿ ಹುಣ್ಣಿಮೆ ಎನ್ನುತ್ತಾರೆ, ಸೊರಬದಲ್ಲಿ ಭೂಮಿ ಹುಣ್ಣಿಮೆ. ಹೆಸರು ಯಾವುದಾದರೂ ಕೆಲಸ ಒಂದೇ. ಭತ್ತ ಹೊಡೆ ಕಟ್ಟುವ ಕಾಲ ಅದು. ತೆನೆ ಇನ್ನೂ ಹೊರಗೆ ಬಂದಿರುವುದಿಲ್ಲ, ಒಳಗೆ ತುಂಬಿಕೊಂಡಿರುತ್ತದೆ. ಹಾಗಾಗಿ ಭೂಮಿ ಬಸುರಿ. ಬಸುರಿಗೆ ಸೀಮಂತ. ಮನೆಯ ಹೆಂಗಸರು ಬಗೆಬಗೆಯ ಸೊಪ್ಪು ಬೇಯಿಸಿ, ಕಡುಬು, ಹೋಳಿಗೆ, ಬುತ್ತಿ ಮಾಡಿ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ತರುತ್ತಾರೆ. ಭತ್ತದ ಒಂದು ಬುಡಕ್ಕೆ ಹೊಸ ಕುಬಸದ ಬಟ್ಟೆ ಸುತ್ತಿ ಹಸಿರು ಬಳೆ ಹಾಕುತ್ತಾರೆ. ಒಬ್ಬರು ಬೆಳಕು ಹರಿಯುವ ಹೊತ್ತಿಗೆ ಗದ್ದೆಯ ಅಂಚಿನುದ್ದಕ್ಕೂ ನಡೆದು, ಕೂಗಿಕೊಳ್ಳುತ್ತ, ಅನ್ನ-ಸೊಪ್ಪು ಬೆರೆಸಿದ ಚರಗ ಚೆಲ್ಲಿ ಒಂದು ಸುತ್ತು ಬರುತ್ತಾರೆ. ಆಮೇಲೆ ಎಡೆ. ಭೂಮಿತಾಯಿಗೆ ಒಂದೆಲೆ, ಕಾಗೆಗೆ ಒಂದೆಲೆ, ಇಲಿಗೆ ಒಂದೆಲೆ. ಕದಿಯಲು ಬರುವವನಿಗೆ ಮೊದಲೇ ಊಟ ಹಾಕಿಬಿಡುವ ಜಾಣತನ ಇದು. ಹತ್ತಿರದ ಗುಡವಿ ಪಕ್ಷಿಧಾಮದ ಹಕ್ಕಿಗಳು ನಮ್ಮ ಗದ್ದೆಯ ಮೇಲಿಂದಲೇ ಹಾರಿಹೋಗುತ್ತವೆಂದು ಅಪ್ಪ ಅವುಗಳಿಗೂ ಒಂದೆಲೆ ಸೇರಿಸಿದ್ದ. ಕೊನೆಗೆ ಒಂದು ಕಡುಬನ್ನು ಬಾಳೆಲೆಯಲ್ಲಿ ಕಟ್ಟಿ ಗದ್ದೆಯ ಮೂಲೆಯಲ್ಲಿ ಹೂಳುತ್ತಾರೆ. ಕೊಯ್ಲಿನ ದಿನ ಅದನ್ನು ಅಗೆದು ತೆಗೆಯಬೇಕು. ನಮ್ಮ ಮನೆಯಲ್ಲಿ ಅದನ್ನು ತೆಗೆಯುವುದು ಗದ್ದೆಯ ಯಜಮಾನ. ಅಪ್ಪ ಇರುವವರೆಗೆ ಅಪ್ಪ, ಆಮೇಲೆ ರುದ್ರೇಶ. ಅವನು ಕೊಯ್ಲಿನ ದಿನ ಹನ್ನೊಂದು ಗಂಟೆಗೆ ಅಂಗಡಿಯಿಂದ ಬಂದು, ಪ್ಯಾಂಟಿಗೆ ಮಣ್ಣಾಗದ ಹಾಗೆ ಕಡುಬು ಅಗೆದು, ಫೋಟೋ ತೆಗೆಸಿಕೊಂಡು ಹೋಗುತ್ತಿದ್ದ.

ಆ ಬೆಳಿಗ್ಗೆ ಆಸ್ತಿಯ ಮಾತೆತ್ತುವ ಯೋಚನೆ ನಮಗೆ ಯಾರಿಗೂ ಇರಲಿಲ್ಲ. ಯುಗಾದಿಗೇ ಒಪ್ಪದವಳು ಬಸುರಿಯ ಎದುರಿಗೆ ಗದ್ದೆ ಒಡೆಯುವ ಮಾತಿಗೆ ಒಪ್ಪುತ್ತಾಳೆಯೇ? ನಾನು, ರುದ್ರೇಶ ಬದುವಿನ ಮೇಲೆ ಎಲೆ ಹಾಕುತ್ತಿದ್ದೆವು. ರುದ್ರೇಶನ ಹೆಂಡತಿ ಶಾಂತಾ, ಶೈಲಾ ಇಬ್ಬರೂ ಬುಟ್ಟಿ ಬಿಚ್ಚುತ್ತಿದ್ದರು. ಅವರಿಬ್ಬರ ನಡುವೆ ಒಂದು ಸಣ್ಣ ಶೀತಲ ಸಮರ ನಡೆದಿತ್ತು. ಅವ್ವನ ಹತ್ತಿರ ಕಡುಬು ಬೇಯಿಸುವ ಹಳೆಯ ತಾಮ್ರದ ಪಾತ್ರೆ ಇದೆ. ಅದರ ಮೇಲೆ ಇಬ್ಬರಿಗೂ ಕಣ್ಣು. ಎಕರೆಗಳ ವಿಷಯದಲ್ಲಿ ಉದಾರವಾಗಿರುವ ಜನ ಪಾತ್ರೆಯ ವಿಷಯದಲ್ಲಿ ಸುಪ್ರೀಂ ಕೋರ್ಟಿಗೂ ಹೋಗುತ್ತಾರೆಂಬುದು ನನ್ನ ವೃತ್ತಿಯ ಅನುಭವ.

"ಪಾತ್ರೆ ನಮ್ಮನ್ಯಾಗ ಐತಿ ಅಂದ್ರ ನಮ್ಮದೇ ಅಲ್ಲೇನ್ರೀ ಅಕ್ಕಾ?" ಎಂದು ಶಿಕಾರಿಪುರದ ಕಡೆಯ ಶಾಂತಾ ನಗುತ್ತಲೇ ಕೇಳಿದಳು.

"ಬೆಕ್ಕೂ ನಿಮ್ಮನೇಲಿದೆ. ಅದು ಯಾರದು ಅಂತ ಬೆಕ್ಕನ್ನೇ ಕೇಳಬೇಕು" ಎಂದು ಶೈಲಾ ನಗುತ್ತಲೇ ಉತ್ತರಿಸಿದಳು.

ಅಷ್ಟರಲ್ಲಿ ಅವ್ವ ಕೋಲೂರಿಕೊಂಡು ಬಂದಳು. ಅಂಚಿನ ಮೇಲೆ ಹಾಸಿದ್ದ ಗೋಣಿಯ ಮೇಲೆ ಕೂರಲಿಲ್ಲ. ನಿಂತೇ ಎಲೆಗಳನ್ನು ನೋಡಿದಳು. ಎಲ್ಲ ಎಲೆಗೂ ಕಡುಬು ಬಿದ್ದಿತ್ತು.

"ಇದು ಯಾರ್ದು?"

"ಭೂಮಿತಾಯಿದು" ಎಂದ ರುದ್ರೇಶ.

"ಇದು?"

"ಕಾಗೇದು. ಅದು ಇಲೀದು. ಅದು ಗುಡವಿ ಹಕ್ಕೀದು. ಇವು ನಮ್ಮವು. ಬಾರವ್ವ, ಆರಿಹೋಗ್ತದೆ."

"ಸುಶೀಲಂದು ಎಲ್ಲಿ?"

ನಾವು ಎಲೆಗಳನ್ನು ನೋಡಿದೆವು. ನಾಯಿಗೆ ಕೂಡ ಮುತ್ತುಗದ ಎಲೆಯೊಂದರ ಮೇಲೆ ಕಡುಬು ಇಟ್ಟಾಗಿತ್ತು. ಅಕ್ಕನಿಗೆ ಎಲೆ ಹಾಕಿರಲಿಲ್ಲ. ಅವಳು ಆ ಹೊತ್ತಿಗೆ ಗದ್ದೆಯ ಆಚೆ ತುದಿಯಲ್ಲಿದ್ದಳು. ಸೊಂಟದ ಮೇಲೆ ಬುಟ್ಟಿ ಇಟ್ಟುಕೊಂಡು, ಕೂಗಿ ಕೂಗಿ ಚರಗ ಚೆಲ್ಲುತ್ತಿದ್ದಳು. ಅಪ್ಪ ಹೋದ ಮೇಲೆ ಆ ಸುತ್ತು ಬರುವವಳೂ ಅವಳೇ. ಸುತ್ತು ಮುಗಿಸಿ ಬರುವಷ್ಟರಲ್ಲಿ ನಮ್ಮದೆಲ್ಲ ಮುಗಿದು, ಅವಳು ಬುಟ್ಟಿಯ ತಳದಲ್ಲಿ ಉಳಿದದ್ದನ್ನು ನಿಂತುಕೊಂಡೇ ತಿನ್ನುತ್ತಿದ್ದಳು. ಅದು ಪ್ರತಿ ವರ್ಷದ ಪದ್ಧತಿಯಾಗಿಬಿಟ್ಟಿತ್ತು. ಪದ್ಧತಿ ಅನ್ನುವುದು ಹಾಗೆಯೇ. ಅದನ್ನು ಯಾರೂ ಮಾಡಿರುವುದಿಲ್ಲ.

"ಇಲಿಗೆ ಎಲೆ ಹಾಕಿದೀರಿ" ಎಂದಳು ಅವ್ವ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬೆರಗಿತ್ತು. "ಬಿಲ ತೋಡಿ ಬತ್ತ ಕದಿಯೋದಕ್ಕೆ ಎಲೆ ಹಾಕಿದೀರಿ. ಬತ್ತ ಬೆಳೆಯೋಳಿಗೆ ಹಾಕಿಲ್ಲ."

"ಅಯ್ಯೋ, ಮರ್ತೇ ಹೋಯ್ತವ್ವ" ಎಂದು ರುದ್ರೇಶ ಎಲೆಗೆ ಕೈಹಾಕಿದ.

"ತಡಿ. ಎಲೆ ಆಮೇಲೆ. ನೀವು ವರ್ಷ ಪೂರ್ತಿ ಎಂತದೋ ಕೇಳ್ತಿದ್ರಲ್ಲ, ಅದನ್ನ ಈಗ ಕೇಳಿ."

ನಾವು ನಾಲ್ವರೂ ಒಟ್ಟಿಗೆ ಬಾಯಿ ತೆರೆದೆವು. ಇವತ್ತಾ? ಭೂಮಿ ಬಸುರಿ ಅಲ್ಲವಾ? ಒಡೆಯುವ ಮಾತು ಆಡಬಹುದಾ? ವರ್ಷವಿಡೀ ಅವ್ವ ಹೇಳಿಕೊಟ್ಟ ಪಾಠವನ್ನು ಅವಳಿಗೇ ಒಪ್ಪಿಸಿದೆವು. ಶಾಂತಾ ಅಂತೂ ಕೆನ್ನೆ ಕೆನ್ನೆ ಬಡಿದುಕೊಂಡಳು.

ಅವ್ವ ಗೋಣಿಯ ಮೇಲೆ ಕೂತಳು. "ಸೀಮಂತದ ದಿನ ಬಸುರಿಗೆ ಎಂತ ಕೇಳ್ತಾರೆ? ಬಯಕೆ ಕೇಳ್ತಾರೆ. ಈ ಗದ್ದೆಗೆ ಬಳೆ ಹಾಕಿದ್ರಿ, ಕುಬಸ ಉಡಿಸಿದ್ರಿ. ನಿಂಗೆ ಎಂತ ಬೇಕೇ ಅಂತ ಯಾರಾದ್ರೂ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ಇಷ್ಟು ವರ್ಷ ಸಂದರ್ಶನ ಮಾಡಿದವನಿಗೂ ಗದ್ದೆಯನ್ನು ಕೇಳಬಹುದು ಎಂದು ಹೊಳೆದಿರಲಿಲ್ಲ. ರುದ್ರೇಶ ವಾತಾವರಣ ತಿಳಿಯಾಗಿಸಲು, "ಕೇಳಿದ್ರೆ ಅಡಿಕೆ ಬೇಕು ಅಂತದೆ" ಎಂದ.

"ಅಂತದಾ? ಅದರ ಹೊಟ್ಟೇಲಿ ಬತ್ತ ಇದೆ. ಹೊಟ್ಟೇಲಿರೋದನ್ನ ಬಿಟ್ಟು ಅಂಗಡಿಯೋನು ಹೇಳಿದ್ದಕ್ಕೆ ಬಯಕೆ ಪಡ್ತದಾ?"

ಅಷ್ಟರಲ್ಲಿ ಅಕ್ಕ ಸುತ್ತು ಮುಗಿಸಿ ಬಂದಳು. ಕಾಲಿಗೆ ಮೊಣಕಾಲಿನವರೆಗೆ ಕೆಸರು, ಕೆನ್ನೆಯ ಮೇಲೆ ಒಂದು ಅನ್ನದ ಅಗುಳು. "ಏನ್ರೋ, ಎಲ್ಲ ಮೂಗರಾಗಿ ಕೂತಿದೀರಿ? ಉಪ್ಪು ಹಾಕೋದು ಮರೆತ್ರಾ?" ಎಂದಳು.

ಅವ್ವ ಅವಳನ್ನು ನೋಡದೆ, ಗದ್ದೆಯನ್ನು ನೋಡುತ್ತ ಹೇಳಿದಳು. ಮನೆ ಮತ್ತು ಹಿಂದಿನ ಹೊಲ ರುದ್ರೇಶನಿಗೆ. ಹೊಲಕ್ಕೆ ಅಡಿಕೆ ಹಾಕಲಿ, ಏಲಕ್ಕಿ ಹಾಕಲಿ, ಅವನಿಷ್ಟ. ಶಿಕಾರಿಪುರದಲ್ಲಿ ನನ್ನ ಮನೆ ನಿಂತಿರುವ ಜಾಗ ಅಪ್ಪ ಕೊಡಿಸಿದ್ದು. ಹಾಗಾಗಿ ನನ್ನ ಪಾಲು ಎಂದೋ ಸಂದಿದೆ. ಕೆರೆಗದ್ದೆ ಸುಶೀಲಳಿಗೆ. "ಎಷ್ಟು ಅಂದ್ರೆ, ಅವಳು ಈಗ ಚರಗ ಚೆಲ್ಲಿ ಸುತ್ತಿ ಬಂದ್ಳಲ್ಲ, ಅಷ್ಟು."

ಅಕ್ಕ ಬುಟ್ಟಿಯನ್ನು ಕೆಳಗಿಡಲಿಲ್ಲ. ಅದು ಖಾಲಿಯಾಗಿತ್ತು. ಆದರೂ ತುಂಬಿದ ಬುಟ್ಟಿಯನ್ನು ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು.

ರುದ್ರೇಶನ ಮುಖ ಸಣ್ಣಗಾಯಿತು. ಅದನ್ನು ಮರೆಮಾಚಿ ಬರೆಯುವುದು ಸರಿಯಲ್ಲ. "ಅಲ್ಲವ್ವ, ಸಸಿ ಎಲ್ಲ ತಯಾರು ಮಾಡಿಟ್ಟಿದೀನಿ. ಹೊಲದಲ್ಲಿ ನೀರೆಲ್ಲಿದೆ?" ಎಂದ.

ಉತ್ತರ ಅಕ್ಕನಿಂದ ಬಂತು. "ಗದ್ದೆ ನೀರು ಮೇಲೆ ಹತ್ತಿಸ್ಕೋ. ಮೋಟರ್ ಇಡು, ಪೈಪ್ ಹಾಕು. ನನ್ನ ಬತ್ತ ಕುಡಿದು ಉಳಿದಿದ್ದು ನಿನ್ನ ಅಡಿಕೆಗೆ." ಖಾಲಿ ಬುಟ್ಟಿಯನ್ನು ಕೆಳಗಿಟ್ಟು, "ನಾ ಏನು ಬಾಡಿಗೆ ಕೇಳಲ್ಲ. ವರ್ಷಕ್ಕೊಂದು ಚೀಲ ಗೊಬ್ಬರ ಕೊಡು. ಹೋದ ವರ್ಷ ಕೊಟ್ಟಿದ್ಯಲ್ಲ, ಉಂಡೆ ಕಟ್ಟಿದ್ದು, ಅದಲ್ಲ" ಎಂದಳು.

"ಅದು ಕಂಪನಿ ತಪ್ಪು, ನಂದಲ್ಲ" ಎಂದ ರುದ್ರೇಶ. ಎಂದವನೇ ನಕ್ಕುಬಿಟ್ಟ. ಗೊಬ್ಬರದ ಗುಣಮಟ್ಟದ ಬಗ್ಗೆ ವಾದಕ್ಕಿಳಿದ ಮನುಷ್ಯ ಗದ್ದೆಯ ವಾದವನ್ನು ಬಿಟ್ಟುಕೊಟ್ಟ ಹಾಗೆ. ಅದು ಅವನಿಗೂ ಗೊತ್ತಾಯಿತು. ಎದ್ದು ಹೋಗಿ ಒಂದು ಅಗಲವಾದ ಎಲೆ ಆರಿಸಿ ತಂದು, ಅವ್ವನ ಪಕ್ಕದಲ್ಲೇ ಹಾಕಿ, "ಬಾರೆ ಗದ್ದೆ ಸಾಹುಕಾರ್ತಿ, ಕೂತ್ಕೋ" ಎಂದ. ಅಕ್ಕ ಕೆಸರು ಕಾಲಿನಲ್ಲೇ ಕೂತಳು. ಆ ಎಲೆಗೆ ಹೋಳಿಗೆ ಬಡಿಸಿದ್ದು ಶಾಂತಾ. ಮೇಲೆ ತುಪ್ಪವನ್ನೂ ಜಾಸ್ತಿ ಹಾಕಿದಳು.

ಎಲ್ಲ ಸುಖವಾಗಿ ಮುಗಿಯಿತು ಎಂದುಕೊಳ್ಳುವಾಗ ಶೈಲಾ ಮೆಲ್ಲಗೆ, "ಅತ್ತೆ, ತಾಮ್ರದ ಪಾತ್ರೆ?" ಎಂದಳು.

"ಅದಾ? ಅದನ್ನ ನಾ ಸತ್ತ ಮೇಲೂ ಕೊಡಲ್ಲ" ಎಂದಳು ಅವ್ವ.

ನನಗೆ ಒಂದೇ ಕೆಲಸ ಉಳಿದಿತ್ತು, ಬರೆಯುವುದು. ಉಯಿಲು ಎಂದರೆ ಏನು, ದಾನಪತ್ರ ಎಂದರೆ ಏನು ಎಂದು ಅವ್ವನಿಗೆ ವಿವರಿಸಿದೆ. ಉಯಿಲಾದರೆ ನಿನ್ನ ಕಾಲದ ನಂತರ ಹೋಗುತ್ತದೆ, ದಾನಪತ್ರವಾದರೆ ಈಗಲೇ ಹೋಗುತ್ತದೆ, ನಿನ್ನ ಹಿಡಿತ ಇರುವುದಿಲ್ಲ, ಯೋಚನೆ ಮಾಡು ಎಂದೆ. ಅವ್ವ ಹೋಳಿಗೆ ಮುರಿಯುತ್ತ ಯೋಚಿಸಿದಳು. "ಮನೆ, ಹೊಲ ನನ್ನ ಕಾಲ ಆದ್ಮೇಲೆ ಹೋಗ್ಲಿ. ನಂಗೂ ಇರೋಕೆ ಜಾಗ ಬೇಕಲ್ಲ. ಗದ್ದೆ ಈಗ್ಲೇ ಬರಿ. ಸತ್ತ ಮೇಲೆ ಕೊಟ್ರೆ, ಕೊಟ್ಟಿದ್ದನ್ನ ನಾ ನೋಡೋದು ಯಾವಾಗ?"

ದೊಡ್ಡವರ ನಿಧನವಾರ್ತೆಗಳನ್ನು ಮುಂಗಡವಾಗಿ ಬರೆದಿಡುವ ನನ್ನ ಕಸುಬಿಗೆ ಅಷ್ಟು ವರ್ಷಗಳಲ್ಲಿ ಯಾರೂ ಇಂಥ ಆಕ್ಷೇಪಣೆ ಎತ್ತಿರಲಿಲ್ಲ. ಒಬ್ಬ ಮನುಷ್ಯನ ಬಗ್ಗೆ ಬರೆದ ಒಳ್ಳೆಯ ಮಾತನ್ನೆಲ್ಲ ಅವನು ಓದಲಾಗದ ದಿನಕ್ಕೆಂದು ಕಾದಿಡುತ್ತೇವೆ. ಮನೆಗೆ ಬಂದವನು ಸಂತೆಯಲ್ಲಿ ಸಿಗುವ ಆ ಹಿರಿಯರ ವಾರ್ತೆಯನ್ನು ತೆಗೆದು, ದಿನಾಂಕದ ಖಾಲಿ ಜಾಗ ಅಳಿಸಿ, ಬದುಕಿರುವವರ ವ್ಯಕ್ತಿಚಿತ್ರವನ್ನಾಗಿ ತಿದ್ದಿ ಕಳಿಸಿದೆ. ಅಚ್ಚಾಯಿತು. ಅವರು ಫೋನ್ ಮಾಡಿ ಎರಡು ತಪ್ಪು ತೋರಿಸಿದರು. ಸತ್ತಿದ್ದರೆ ಆ ತಪ್ಪುಗಳು ಶಾಶ್ವತವಾಗಿ ಉಳಿಯುತ್ತಿದ್ದವು.

ದೀಪಾವಳಿ ಕಳೆದ ಮೇಲೆ, ಯಾವ ಹಬ್ಬವೂ ಅಲ್ಲದ ಒಂದು ಸಾಧಾರಣ ದಿನ, ಎಲ್ಲರೂ ಸೊರಬಕ್ಕೆ ಹೋದೆವು. ಭಾವ ಗಿರಣಿಗೆ ಬೀಗ ಹಾಕಿ ಬಂದಿದ್ದರು. ಅದೇ ಒಂದು ಹಬ್ಬದ ಹಾಗಿತ್ತು. ಪತ್ರ ಬರೆಯುವವರು ಗದ್ದೆಯ ನಾಲ್ಕು ಗಡಿ, ಅಂದರೆ ಚಕ್ಕುಬಂದಿ, ಕೇಳಿದರು. ರುದ್ರೇಶ ಮೊಬೈಲು ತೆಗೆಯುವಷ್ಟರಲ್ಲಿ ಅಕ್ಕ ಕಣ್ಣುಮುಚ್ಚಿಕೊಂಡು, ಚರಗದ ಬುಟ್ಟಿ ಹಿಡಿದು ನಡೆಯುತ್ತಿರುವಂತೆ ಒಂದೊಂದೇ ಹೇಳಿದಳು. ಮೂಡಲಿಗೆ ಕೆರೆಯ ಕಾಲುವೆ, ತೆಂಕಲಿಗೆ ಮತ್ತಿಯ ಮರ, ಹೀಗೆ. ನನಗೆ ಕಲ್ಲಿನ ಶಾಸನಗಳು ನೆನಪಾದವು. ಸೂರ್ಯ-ಚಂದ್ರರ ಜಾಗದಲ್ಲಿ ಛಾಪಾ ಮುದ್ರೆ ಇತ್ತು, ಹಸು-ಕರುವಿನ ಜಾಗದಲ್ಲಿ ಅವ್ವನ ಮತ್ತು ಅಕ್ಕನ ಫೋಟೋ.

ನೋಂದಣಿ ಕಚೇರಿಯಲ್ಲಿ ಅಧಿಕಾರಿ ಅವ್ವನನ್ನು ಕ್ರಮದಂತೆ ಕೇಳಿದರು: "ಅಜ್ಜೀ, ಯಾರ ಒತ್ತಾಯವೂ ಇಲ್ಲದೆ ಸ್ವಂತ ಇಷ್ಟದಿಂದ ಕೊಡ್ತಾ ಇದೀರಾ?"

"ಒತ್ತಾಯ ಮಾಡಿದ್ರೆ ಕೊಡ್ತಿದ್ನೇನ್ರೀ?" ಎಂದಳು ಅವ್ವ. ಸಹಿ ಮಾಡಿದಳು. ಹೆಬ್ಬೆಟ್ಟನ್ನೂ ಒತ್ತಿದಳು.

ಈವರೆಗಿನ ವಿವರ ಇಷ್ಟು. ಕೆರೆಗದ್ದೆಯ ದಾನಪತ್ರ ನೋಂದಣಿಯಾಗಿದೆ. ಮನೆ ಮತ್ತು ಹೊಲದ ಉಯಿಲೂ ಅದೇ ದಿನ ನೋಂದಣಿಯಾಗಿದೆ. ಖಾತೆ ಬದಲಾವಣೆಗೆ ಅರ್ಜಿ ಕೊಡಲಾಗಿದೆ. ರುದ್ರೇಶ ಹೊಲದಲ್ಲಿ ಸಸಿ ನೆಡಲು ಗುಂಡಿ ತೆಗೆಸುತ್ತಿದ್ದಾನೆ. ತಾಮ್ರದ ಪಾತ್ರೆಯ ವಿಷಯ ಇತ್ಯರ್ಥವಾಗಿಲ್ಲ. ಅವ್ವ ಆರೋಗ್ಯವಾಗಿದ್ದಾಳೆ.

ಕಳೆದ ವಾರ ಕೊಯ್ಲಾಯಿತು. ಹುಣ್ಣಿಮೆಯ ದಿನ ಗದ್ದೆಯ ಮೂಲೆಯಲ್ಲಿ ಹೂತಿದ್ದ ಕಡುಬನ್ನು ಈ ಸಲ ಅಕ್ಕ ಅಗೆದು ತೆಗೆದಳು. ಅರ್ಧ ಇತ್ತು. ಇನ್ನರ್ಧವನ್ನು ಇಲಿ ತಿಂದಿತ್ತು.